ನಿಘಂಟು ಇರುವುದು ಬಳಕೆಯನ್ನು ದಾಖಲಿಸಲು
ಆಡುಮಾತಿನ ಪದಗಳನ್ನೂ ಪರಭಾಷೆಯ ಪದಗಳನ್ನೂ ಸೇರಿಸಿಕೊಂಡು ಇಂಗ್ಲಿಷ್ ನಿಘಂಟುಗಳು ತಮ್ಮ ಘನತೆ ಕಳೆದುಕೊಳ್ಳುತ್ತಿವೆ ಎಂದು ಲೇಖನವೊಂದು ವಾದಿಸಿದೆ. ಅದರ ಲೇಖಕರ ವಾದವನ್ನು ನಾನು ಒಪ್ಪಲಾರೆ. ಈ ಆಕ್ಷೇಪ ಹೊಸದೇನಲ್ಲ. 1961ರಲ್ಲಿ ಫಿಲಿಪ್ ಗೋವ್ ಸಂಪಾದಿಸಿದ ವೆಬ್‌ಸ್ಟರ್ ನಿಘಂಟಿನ ಮೂರನೆಯ ಅಂತಾರಾಷ್ಟ್ರೀಯ ಆವೃತ್ತಿ ಹೊರಬಂದಾಗ, ‘ಏಂಟ್’ (ain't, ‘ಅಲ್ಲ’, ‘ಇಲ್ಲ’ ಎಂಬರ್ಥದ ಆಡುಮಾತು) ಎಂಬಂಥ ರೂಪಗಳನ್ನು ಖಂಡಿಸದೆ ದಾಖಲಿಸಿತೆಂದು ಅಮೆರಿಕದ ಹಲವು ಪತ್ರಿಕೆಗಳು ಅದರ ಮೇಲೆ ಮುಗಿಬಿದ್ದಿದ್ದವು. ಇಂಗ್ಲಿಷ್ ಅದರಿಂದ ಕೆಡಲಿಲ್ಲ.

1884ರಲ್ಲಿ ಮೊದಲ ಸಂಚಿಕೆ ಪ್ರಕಟವಾದಂದಿನಿಂದಲೂ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಪದಗಳ ಅರ್ಥಕ್ಕೆ ಕಾಲಸೂಚನೆಯುಳ್ಳ ಬಳಕೆಯ ಉದಾಹರಣೆಗಳನ್ನು ಆಧಾರವಾಗಿ ಕೊಡುತ್ತ ಬಂದಿದೆ. 2011ರಲ್ಲಿ ಸೇರಿದ, ‘ಓ ಮೈ ಗಾಡ್’ ಎಂಬುದರ ಸಂಕ್ಷಿಪ್ತ ರೂಪವಾದ ‘ಓಎಂಜಿ’ ಮೊಬೈಲ್ ತಲೆಮಾರಿನ ಸೃಷ್ಟಿಯೆಂದೇ ತೋರುತ್ತದೆ. ಆದರೆ ನಿಘಂಟು ಅದಕ್ಕೆ ಕೊಟ್ಟ ಅತ್ಯಂತ ಹಳೆಯ ಉಲ್ಲೇಖ, ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಆಗಿದ್ದ ಲಾರ್ಡ್ ಫಿಷರ್ 1917ರಲ್ಲಿ ವಿನ್‌ಸ್ಟನ್ ಚರ್ಚಿಲ್ ಅವರಿಗೆ ಬರೆದ ಪತ್ರದ್ದು. ಆಡುಮಾತೆಂದು ಸಂಪಾದಕರು ಮೂಗುಮುರಿದಿದ್ದರೆ ಈ ಚರಿತ್ರೆಯನ್ನು ಹುಡುಕಿ ತೆಗೆಯುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ.

ಎರವಲು ಪದಗಳ ವಿಷಯದಲ್ಲಂತೂ ದೂರಿಗೆ ಆಸ್ಪದವೇ ಇಲ್ಲ. ಫ್ರೆಂಚ್ ಮತ್ತು ಲ್ಯಾಟಿನ್ ಪದಗಳನ್ನು ತೆಗೆದುಹಾಕಿದರೆ ಇಂಗ್ಲಿಷಿನ ಪದಸಂಪತ್ತಿನ ಬಹುಭಾಗವೇ ಹೋಗುತ್ತದೆ. ‘ಶಾಂಪೂ’, ‘ಬಂಗಲೆ’ಗಳು ಭಾರತದಿಂದ ಹೋಗಿ ಅಲ್ಲಿ ನೆಲೆಗೊಂಡು ಶತಮಾನಗಳೇ ಕಳೆದಿವೆ, ಕನ್ನಡಿಗರೂ ದಿನನಿತ್ಯ ಆಡುವ ‘ಅಯ್ಯೋ’ 2016ರಲ್ಲಿ ಆಕ್ಸ್‌ಫರ್ಡ್ ನಿಘಂಟನ್ನು ಸೇರಿದ್ದು ನನಗೆ ನಿಜಕ್ಕೂ ಸಂತೋಷ ತಂದಿತು.

ಲೇಖಕರ ಆತಂಕದಲ್ಲಿ ಒಂದಂಶ ಮಾತ್ರ ನ್ಯಾಯವಾದುದು. ವಿದ್ಯಾರ್ಥಿಗಳು ಬಳಸುವ ಸಂಕ್ಷಿಪ್ತ ನಿಘಂಟುಗಳಲ್ಲಿ ‘ಆಡುಮಾತು’, ‘ಅಸಭ್ಯ’ ಎಂಬ ಸೂಚನೆಗಳು ಆಯಾ ಪದದ ಪಕ್ಕದಲ್ಲೇ ಎದ್ದು ಕಾಣುವಂತಿರಬೇಕು. ಸಂಪಾದಕರನ್ನು ನಾವು ಒತ್ತಾಯಿಸಬೇಕಾದದ್ದು ಇದಕ್ಕಾಗಿ.