ಎಂಪಿ 5 ಕೋಟಿ ಮೆಸೇಜ್ ಬಗ್ಗೆ ಸ್ಪಷ್ಟನೆ

"ನಮ್ಮ ಎಂಪಿ ಅಕೌಂಟಿಗೆ ವರ್ಷಕ್ಕೆ 5 ಕೋಟಿ ಬರುತ್ತೆ, ಆಸ್ಪತ್ರೆ ಬಿಲ್ಲು, ಮಗಳ ಮದುವೆ ಏನಿದ್ರೂ ಹೋಗಿ ಕೇಳಿ" ಅಂತ ಒಂದು ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡ್ತಿದೆ. ಹೋದ ವಾರ ನಾನೂ ಫಾರ್ವರ್ಡ್ ಮಾಡಿದ್ದೆ, ಅದು ತಪ್ಪು, ಕ್ಷಮಿಸಿ.

ಅದು ಎಂಪಿಗಳ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 5 ಕೋಟಿ ಅನ್ನೋ ಅಂಕಿ ಸರಿ, ಕೋವಿಡ್ ಟೈಮಲ್ಲಿ ನಿಲ್ಲಿಸಿದ್ದು ಬಿಟ್ರೆ 2011-12ರಿಂದ ಅಷ್ಟೇ ಇದೆ. ಆದ್ರೆ ಆ ದುಡ್ಡು ಎಂಪಿ ಕೈಗೂ ಬರಲ್ಲ, ಅವರ ಅಕೌಂಟಿಗೂ ಬರಲ್ಲ. ಅವರು ಇಂಥ ಊರಲ್ಲಿ ಇಂಥ ಕೆಲಸ ಆಗ್ಬೇಕು ಅಂತ ಶಿಫಾರಸು ಪತ್ರ ಕೊಡ್ತಾರೆ ಅಷ್ಟೇ, ಅದನ್ನ ಪರಿಶೀಲಿಸಿ ಮಂಜೂರು ಮಾಡೋದು, ಕೆಲಸ ಮಾಡ್ಸೋದು ಎಲ್ಲಾ ಜಿಲ್ಲಾಡಳಿತ, ಅಂದ್ರೆ ನಮ್ಮಲ್ಲಿ ಡಿಸಿ ಆಫೀಸು. ಕುಡಿಯೋ ನೀರು, ಶಾಲೆ ಕೊಠಡಿ, ರಸ್ತೆ ಥರ ಊರಿಗೆಲ್ಲಾ ಉಪಯೋಗ ಆಗಿ ಉಳಿಯೋ ಕೆಲಸಕ್ಕೆ ಇರೋ ಹಣ ಅದು, ಒಬ್ಬರ ಕೈಗೆ ನಗದು ಕೊಡೋಕೆ ಬರಲ್ಲ. ಕೇಂದ್ರ ಅಂಕಿಅಂಶ ಸಚಿವಾಲಯದ ಮಾರ್ಗಸೂಚಿಲೇ ಇದು ಇದೆ. ನಮ್ಮ ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಅದೂ ಡಿಸಿ ಮೂಲಕಾನೇ.

ಆಸ್ಪತ್ರೆ ಖರ್ಚಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕ್ಬೇಕು, ಅದಕ್ಕೆ ಶಾಸಕರದ್ದೋ ಸಂಸದರದ್ದೋ ಪತ್ರ ಕೇಳಬಹುದು. ಕಾಯಿಲೆ ಇರೋರನ್ನ ಕರ್ಕೊಂಡು ದುಡ್ಡು ಸಿಗುತ್ತೆ ಅಂತ ನಂಬಿ ಬಸ್ ಹತ್ತಿ ಹೋಗಿ ಬರಿಗೈಲಿ ವಾಪಸ್ ಬರೋದು ತುಂಬಾ ನೋವಿನ ವಿಷ್ಯ. ದಯವಿಟ್ಟು ಆ ಮೆಸೇಜ್ ಇನ್ನು ಕಳಿಸ್ಬೇಡಿ, ಕಳಿಸಿದ್ರೆ ಆ ಗ್ರೂಪಲ್ಲಿ ಇದನ್ನೂ ಹಾಕಿ.