ಕಾರಣ ಕತ್ತರಿಸಿ ಕೊಲೆ ಉಳಿಸಿಕೊಂಡರು

ಮಂಡ್ಯ-ಮೈಸೂರು ಮಧ್ಯೆ ದಿನಾ ರೈಲಲ್ಲಿ ಓಡಾಡೋರಿಗೆ ದಪ್ಪ ಪುಸ್ತಕವೇ ಸರಿ. ಪಾಂಡವಪುರ ಬರೋಷ್ಟರಲ್ಲಿ ಒಂದು ಅಧ್ಯಾಯ, ಸೀಟು ಸಿಕ್ಕಿದ್ರೆ ಎರಡು. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಕಾದಂಬರಿ ಸರಣಿಯ ಐದೂ ಸಂಪುಟ ನಾನು ಮುಗಿಸಿದ್ದು ಹಾಗೆ. ಮೊದಲನೇದು ಬಂದಿದ್ದು 1996ರಲ್ಲಿ, ಐದನೇದು 2011ರಲ್ಲಿ. ಆರನೇದಕ್ಕೆ ಕಾಯ್ತಾ ಕಾಯ್ತಾ ನಮ್ಮ ಬೆಂಗಳೂರು ರಸ್ತೆ ಹತ್ತು ಪಥ ಆಗಿಹೋಯ್ತು.

ಹೋದ ತಿಂಗಳು ಬೋಗಿಯ ಗೆಳೆಯನೊಬ್ಬ ಕೇಳಿದ: "ಗೇಮ್ ಆಫ್ ಥ್ರೋನ್ಸ್ ನೋಡಾಯ್ತಲ್ಲ, ಇನ್ನು ಅದನ್ನ ಯಾಕಣ್ಣ ಓದೋದು? ಕಥೆ ಒಂದೇ ತಾನೆ?" ಅವನು ಹೇಳಿದ್ದು ಈ ಪುಸ್ತಕಗಳ ಮೇಲೆ ಮಾಡಿದ ಟಿವಿ ಧಾರಾವಾಹಿ. ಉತ್ತರ ಹೇಳೋಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಜನ ನುಗ್ಗಿದ್ರು. ಇಲ್ಲಿ ಹೇಳ್ತೀನಿ. (ನೋಡದೇ ಇರೋರು ಇಲ್ಲಿಗೇ ನಿಲ್ಲಿಸಿ. ಗುಟ್ಟು ಬಿಡ್ತಾ ಇದ್ದೀನಿ.)

ಟಿರಿಯನ್ ಅನ್ನೋ ಪಾತ್ರ ತನ್ನ ಅಪ್ಪ ಟೈವಿನ್‌ನನ್ನ ಕೊಲ್ಲೋ ಪ್ರಸಂಗ ತಗೊಳ್ಳಿ. ಧಾರಾವಾಹಿಯಲ್ಲಿ ಅಣ್ಣ ಜೇಮಿ ಅವನನ್ನ ಸೆರೆಯಿಂದ ಬಿಡಿಸ್ತಾನೆ, ತಬ್ಬಿಕೊಂಡು ಕಳಿಸ್ತಾನೆ. ತಪ್ಪಿಸಿಕೊಂಡು ಹೋಗಬೇಕಾದವನು ಮೆಟ್ಟಿಲು ಹತ್ತಿ ಅಪ್ಪನ ಕೋಣೆಗೆ ಹೋಗ್ತಾನೆ. ಯಾಕೆ? ಸಿಟ್ಟಿಗೆ ಅಂತ ನಾವೇ ಅಂದ್ಕೋಬೇಕು. ಮೂರನೇ ಸಂಪುಟದಲ್ಲಿ ಹಾಗಲ್ಲ. ಬಿಡಿಸೋಕೆ ಬಂದ ಅಣ್ಣನೇ ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನ ಕಕ್ತಾನೆ. ಟಿರಿಯನ್ ಹರೆಯದಲ್ಲಿ ಕೈಹಿಡಿದ ಟೈಶಾ ದುಡ್ಡಿಗೆ ಬಂದವಳಲ್ಲ, ಬಡ ಒಕ್ಕಲು ಮನೆಯ ಹುಡುಗಿ. ಅವಳು ದುಡ್ಡಿಗೆ ಬಂದವಳು ಅಂತ ಜೇಮಿ ಬಾಯಲ್ಲಿ ಸುಳ್ಳು ಹೇಳಿಸಿದ್ದು ಅಪ್ಪ. ಅಣ್ಣ-ತಮ್ಮಂದಿರ ಬಂಧ ಅಲ್ಲಿಗೇ ಪಟ್ ಅಂತ ಹರಿದುಹೋಗುತ್ತೆ. ಅಪ್ಪನ ಹತ್ರ ಹೋಗಿ ಆ ಹೆಂಡತಿಯನ್ನ ಎಲ್ಲಿಗೆ ಅಟ್ಟಿದೆ ಅಂತ ಟಿರಿಯನ್ ಕೇಳ್ತಾನೆ, ಅಪ್ಪ ಅದೇ ಹೊಲಸು ಮಾತಲ್ಲಿ ಉತ್ತರ ಕೊಡ್ತಾನೆ, ಟಿರಿಯನ್ ಬಾಣ ಬಿಡ್ತಾನೆ. ಧಾರಾವಾಹಿಯಲ್ಲೂ ಆ ಬೈಗುಳ ಇದೆ, ಆದರೆ ಬೇರೆ ಹೆಣ್ಣಿನ ಮೇಲೆ!

ನನಗೆ ಉರಿಯೋದು ಇದು: ಮೊದಲ ಸೀಸನ್ನಲ್ಲೇ ಡೇರೆಯೊಳಗೆ ಕೂರಿಸಿ ಈ ಮದುವೆಯ ಕಥೆಯನ್ನ ಟಿರಿಯನ್ ಬಾಯಲ್ಲೇ ಹೇಳಿಸಿದ್ರು. ಕಬ್ಬು ನೆಟ್ಟು, ನೀರು ಕಟ್ಟಿ, ಕಟಾವಿಗೆ ಬರದೇ ಹೋದ್ರು.

ಬದಲಾಯಿಸಿದ್ದೆಲ್ಲ ಕೆಟ್ಟದ್ದು ಅಂತ ನಾನು ಅನ್ನಲ್ಲ. ಶತ್ರು ಮನೆತನದ ಹುಡುಗಿ ಆರ್ಯಾ ಗುರುತು ಮರೆಸಿಕೊಂಡು ಟೈವಿನ್‌ಗೆ ಮದ್ಯ ಬಡಿಸೋ ದೃಶ್ಯಗಳು ಪುಸ್ತಕದಲ್ಲಿಲ್ಲ, ಅಲ್ಲಿ ಅವಳು ಬಡಿಸೋದು ರೂಸ್ ಬೋಲ್ಟನ್ ಅನ್ನೋ ಇನ್ನೊಬ್ಬ ದೊರೆಗೆ. ಟೈವಿನ್ ಪಾತ್ರದ ಚಾರ್ಲ್ಸ್ ಡಾನ್ಸ್ ಆ ಹುಡುಗಿಯನ್ನ ನೋಡೋ ನೋಟಕ್ಕೆ ನಾನು ನಾಲ್ಕು ಅಧ್ಯಾಯ ಬಿಟ್ಟುಕೊಡ್ತೀನಿ.

ಪುಸ್ತಕ ಮುಗಿದಿರಲಿಲ್ಲ, ಪಾಪ ಅವರೇನು ಮಾಡ್ತಾರೆ ಅನ್ನೋರಿದ್ದಾರೆ. ನಮ್ಮ ಕುಮಾರವ್ಯಾಸನೂ ಹತ್ತು ಪರ್ವಕ್ಕೇ ನಿಲ್ಲಿಸಿದ, ಉಳಿದದ್ದನ್ನ ತಿಮ್ಮಣ್ಣ ಕವಿ ಬರೆದ. ತಿಮ್ಮಣ್ಣನ ಮುಂದೆ ವ್ಯಾಸರ ಭಾರತವೇ ಇತ್ತು. ಧಾರಾವಾಹಿಯವರ ಕೈಲಿ ಮಾರ್ಟಿನ್ ಹೇಳಿದ್ದ ಒಂದಷ್ಟು ಮುಖ್ಯ ಘಟ್ಟಗಳು. ಒಪ್ಪಿದೆ. ಆದರೆ ಟೈಶಾ ಪ್ರಸಂಗ 2000ದಲ್ಲೇ ಅಚ್ಚಾಗಿತ್ತಲ್ಲ? 2019ರ ಕೊನೇ ಸೀಸನ್ನಿಗೆ ಆರೇ ಕಂತು. ರಾಣಿ ಡೆನೇರಿಸ್ ಊರು ಸುಟ್ಟಿದ್ದು ನನಗೆ ತಪ್ಪು ಅನ್ನಿಸಲಿಲ್ಲ. ಅವಳು ಆ ಮನಸ್ಸಿಗೆ ಬಂದ ದಾರಿಯೇ ಕಾಣಲಿಲ್ಲ. ಟಿರಿಯನ್ ಮೆಟ್ಟಿಲು ಹತ್ತಿದಾಗಲೂ ಹೀಗೇ ಆಗಿತ್ತು.

ಗೆಳೆಯನಿಗೆ ಮೊದಲ ಸಂಪುಟ ಕೊಟ್ಟಿದ್ದೀನಿ. ಎರಡು ದಿನ ಓದಿದ. ಮೂರನೇ ದಿನ ನೋಡಿದ್ರೆ ಮೇಲಿನ ಬರ್ತಲ್ಲಿ ಅದನ್ನೇ ತಲೆದಿಂಬು ಮಾಡ್ಕೊಂಡು ಗೊರಕೆ ಹೊಡೀತಿದ್ದ.