ಎಕರೆಗೊಂದು ಓಟು

ಮೂವತ್ತು ವರ್ಷಕ್ಕೂ ಮೇಲೆ ಪತ್ರ ಬರೆದುಕೊಂಡೇ ಬದುಕಿದವನು ನಾನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ. "ಪುತ್ರಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು" ಅನ್ನೋ ಸಾಲನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಬೆಟ್ಟದ ತಾಯಿಗೇ ಗೊತ್ತು. ಅಂಥವನ ಕಣ್ಣಿಗೆ ಮೊನ್ನೆ ಅಮೆರಿಕದ ಒಂದು ಪತ್ರದ ಸಾಲು ಬಿತ್ತು. ಜಮೀನು ಫ್ಲಾರಿಡಾ ರಾಜ್ಯದ್ದು, ಕಂಪನಿ ಮಿಕ್ಕಿ ಮೌಸಿನ ಡಿಸ್ನಿ. ಕರಾರಿನ ಅವಧಿ? ಶಾಶ್ವತ; ಅದನ್ನು ಕಾನೂನು ಒಪ್ಪದಿದ್ದರೆ, ಇಂಗ್ಲೆಂಡಿನ ದೊರೆ ಮೂರನೇ ಚಾರ್ಲ್ಸ್‌ನ ಸಂತತಿಯಲ್ಲಿ ಈವತ್ತು ಬದುಕಿರುವವರ ಪೈಕಿ ಕಟ್ಟಕಡೆಯವರು ತೀರಿಕೊಂಡ ಮೇಲೆ ಇನ್ನೂ 21 ವರ್ಷ!

ಕಾಫಿ ತಣ್ಣಗಾಯಿತು, ನಾನು ಓದುತ್ತಲೇ ಇದ್ದೆ.

ಕಥೆ ಹಿಂದಿನಿಂದ ಹೇಳಬೇಕು. ಒರ್ಲ್ಯಾಂಡೊ ಹತ್ತಿರದ ಜವುಗು ಜಮೀನನ್ನು ವಾಲ್ಟ್ ಡಿಸ್ನಿ ತನ್ನ ಮನರಂಜನಾ ಪಾರ್ಕಿಗೆ ಅಂತ ಬೇರೆ ಬೇರೆ ಕಂಪನಿಗಳ ಹೆಸರಲ್ಲಿ ಗುಟ್ಟಾಗಿ ಕೊಳ್ಳಿಸಿದ. 1966ರಲ್ಲಿ ಆತ ತೀರಿಕೊಂಡ. ಮರುವರ್ಷ ಅಲ್ಲಿನ ಶಾಸನಸಭೆ ಆ ಸುಮಾರು 25,000 ಎಕರೆಗೆ 'ರೀಡಿ ಕ್ರೀಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್' ಅಂತ ಪ್ರತ್ಯೇಕ ಸ್ಥಳೀಯ ಸರ್ಕಾರವನ್ನೇ ಮಾಡಿಕೊಟ್ಟಿತು. ರಸ್ತೆ, ಚರಂಡಿ, ಅಗ್ನಿಶಾಮಕ, ಕಟ್ಟಡದ ಲೈಸೆನ್ಸು, ತೆರಿಗೆ, ಬಾಂಡ್ ಹೊರಡಿಸಿ ಸಾಲ ಎತ್ತೋದು, ಎಲ್ಲಾ ಅದರ ಕೈಲೇ. ಬೇಕಾದರೆ ವಿಮಾನ ನಿಲ್ದಾಣ, ಅಣುವಿದ್ಯುತ್ ಸ್ಥಾವರ ಕಟ್ಟಿಕೊಳ್ಳೋಕೂ ಕಾನೂನಿನಲ್ಲಿ ದಾರಿಯಿತ್ತು. (ಅಣುಸ್ಥಾವರ ಕಟ್ಟಲಿಲ್ಲ, ಪುಣ್ಯ.)

ಆಡಳಿತ ಮಂಡಳಿಗೆ ಐದು ಜನ. ಆರಿಸೋರು ಜಮೀನಿನ ಮಾಲೀಕರು. ತಲೆಗೊಂದು ಓಟಲ್ಲ, ಎಕರೆಗೊಂದು ಓಟು. ಹೆಚ್ಚುಕಮ್ಮಿ ಎಲ್ಲಾ ಎಕರೆ ಡಿಸ್ನಿಯದೇ ಆದ್ದರಿಂದ ಫಲಿತಾಂಶ ಏನು ಅಂತ ಕೇಳೋದೇ ಬೇಡ. ಮಂಡಳಿಯಲ್ಲಿ ಕೂರೋರ ಹೆಸರಲ್ಲೂ ಜಮೀನಿರಬೇಕಲ್ಲ, ಅದಕ್ಕೆ ತಲಾ ಐದೈದು ಎಕರೆ ಖಾಲಿ ಜಾಗ. ನಮ್ಮ ಕಡೆ ಇಂಥ ಪತ್ರ ಬರೆಸೋಕೆ ಬಂದವರನ್ನು ನೋಡಿ ನಾವು ಕನ್ನಡಕದ ಮೇಲಿಂದ ಒಂದು ಸಲ ನಕ್ಕು, ಆಮೇಲೆ ಬರೆದುಕೊಡುತ್ತಿದ್ದೆವು.

ಹೀಗೆ ಐವತ್ತು ಚಿಲ್ಲರೆ ವರ್ಷ ನಡೆಯಿತು. 2022ರಲ್ಲಿ ಕೆಟ್ಟಿತು. ಸಣ್ಣ ಮಕ್ಕಳ ತರಗತಿಯಲ್ಲಿ ಲೈಂಗಿಕ ಒಲವು, ಲಿಂಗ ಗುರುತಿನ ಪಾಠ ಕೂಡದು ಅಂತ ಫ್ಲಾರಿಡಾ ಕಾನೂನು ತಂದಿತು. ಡಿಸ್ನಿ ಅದನ್ನು ವಿರೋಧಿಸಿತು. ಗವರ್ನರ್ ರಾನ್ ಡಿಸ್ಯಾಂಟಿಸ್ ಸಿಟ್ಟಾದರು. ಏಪ್ರಿಲ್‌ನಲ್ಲಿ ಡಿಸ್ಟ್ರಿಕ್ಟನ್ನೇ ರದ್ದು ಮಾಡುವ ಕಾನೂನಿಗೆ ಸಹಿ ಬಿತ್ತು. ಆಮೇಲೆ ಯಾರೋ ಲೆಕ್ಕ ಹಾಕಿದರು: ಡಿಸ್ಟ್ರಿಕ್ಟ್ ಹೋದರೆ ಅದರ ಸುಮಾರು 100 ಕೋಟಿ ಡಾಲರ್ ಸಾಲ ಅಕ್ಕಪಕ್ಕದ ಆರೆಂಜ್, ಓಸಿಯೋಲಾ ಕೌಂಟಿಯವರ (ನಮ್ಮ ಜಿಲ್ಲೆ ಇದ್ದ ಹಾಗೆ) ತಲೆಗೆ ಬರುತ್ತೆ! ಜಗಳವಾಡಿದವರು ಇಬ್ಬರು, ದಂಡ ಕಟ್ಟೋನು ಪಕ್ಕದ ಬೀದಿಯೋನು. ಕೊನೆಗೆ 2023ರ ಫೆಬ್ರುವರಿಯಲ್ಲಿ ರದ್ದತಿ ಕೈಬಿಟ್ಟು ಹೆಸರು ಬದಲಿಸಿದರು, ಐದೂ ಜನರನ್ನು ಗವರ್ನರೇ ನೇಮಿಸುವ ಹಾಗೆ ಮಾಡಿಕೊಂಡರು. ಕುರ್ಚಿ ಅವೇ, ಕೂರೋರು ಬೇರೆ.

ಈ ಕಾನೂನಿಗೆ ಸಹಿ ಬೀಳುವ ಮುಂಚೆ, ಫೆಬ್ರುವರಿ 8ರಂದು ಹಳೇ ಮಂಡಳಿ ಡಿಸ್ನಿ ಜೊತೆ ಕರಾರು ಮಾಡಿಕೊಂಡು ತನ್ನ ಅಧಿಕಾರದಲ್ಲಿ ಬಹುಪಾಲನ್ನು ಬರೆದುಕೊಟ್ಟುಬಿಟ್ಟಿತ್ತು. ಕದ್ದುಮುಚ್ಚಿ ಅಲ್ಲ, ಪತ್ರಿಕೆಯಲ್ಲಿ ನೋಟಿಸು ಹಾಕಿ, ಬಹಿರಂಗ ಸಭೆಯಲ್ಲೇ. ಚಾರ್ಲ್ಸ್ ದೊರೆ ಬರೋದು ಅಲ್ಲಿ. ಹೊಸಬರು ಬಂದು ಬೀಗ ತೆಗೆದರೆ ಒಳಗೆ ಬರೀ ಗೋಡೆ.

ಜನ ಇದನ್ನು ತಮಾಷೆ ಮಾಡಿದರು. ನನಗೆ ತಮಾಷೆ ಅನ್ನಿಸಲಿಲ್ಲ, ಬರೆದವನಿಗೆ ಒಂದು ನಮಸ್ಕಾರ ಹಾಕಬೇಕು ಅನ್ನಿಸಿತು. ನಮ್ಮ ಶಾಸನಗಳಲ್ಲಿ "ಆಚಂದ್ರಾರ್ಕ" ಅಂತ ಕೆತ್ತಿಸುತ್ತಿದ್ದರು, ಸೂರ್ಯಚಂದ್ರರಿರೋ ತನಕ. ಕೋರ್ಟು ಅದನ್ನು ಒಪ್ಪೋದಿಲ್ಲ. ಆಸ್ತಿಯನ್ನು ಸತ್ತವರ ಕೈ ಕೊನೆಯಿಲ್ಲದೆ ಹಿಡಿದಿರಬಾರದು ಅನ್ನೋದು ಇಂಗ್ಲಿಷ್ ಕಾನೂನಿನ ಹಳೇ ಕಟ್ಟಳೆ. ಬದುಕಿರುವ ಒಬ್ಬರ ಆಯುಷ್ಯ, ಅದರ ಮೇಲೆ 21 ವರ್ಷ, ಅಷ್ಟೇ ಮಿತಿ. ನಮ್ಮ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 14ನೇ ಕಲಮಿನಲ್ಲೂ ಇದೇ ತಿರುಳು, ಅಲ್ಲಿ ಆಯುಷ್ಯದ ಮೇಲೆ ಅಪ್ರಾಪ್ತರ ವಯಸ್ಸು ತುಂಬೋ ತನಕ. ಹಾಗಿದ್ದ ಮೇಲೆ ಮಿತಿಯೊಳಗೇ ಆದಷ್ಟೂ ಉದ್ದ ಎಳೆಯಬೇಕಾದರೆ ದೊಡ್ಡ ಸಂಸಾರ ಬೇಕು, ಎಳೇ ಕೂಸುಗಳಿರಬೇಕು, ಯಾರು ಯಾವತ್ತು ಹೋದರು ಅಂತ ಲೋಕಕ್ಕೆಲ್ಲಾ ಗೊತ್ತಾಗಬೇಕು. ಅರಮನೆ ಬಿಟ್ಟರೆ ಇನ್ನೆಲ್ಲಿ? ಚಾರ್ಲ್ಸ್‌ನ ಕಿರಿಯ ಮೊಮ್ಮಗಳು ಹುಟ್ಟಿದ್ದು 2021ರಲ್ಲಿ. ಆ ಮಗು ಎಂಬತ್ತು ವರ್ಷ ಬಾಳಿದರೂ ಕರಾರು 2122ರ ತನಕ!

ಅಷ್ಟು ದಿನ ಬಾಳಲಿಲ್ಲ ಅನ್ನಿ. ಸಂಬಂಧಪಟ್ಟ ಜಮೀನಿನ ಮಾಲೀಕರಿಗೆ ಅಂಚೆಯಲ್ಲಿ ನೋಟಿಸು ಕಳಿಸಿಲ್ಲ ಅಂತ ಹೊಸ ಮಂಡಳಿ ತಕರಾರು ತೆಗೆಯಿತು. ಡಿಸ್ನಿ ಫೆಡರಲ್ ಕೋರ್ಟಿಗೆ ಹೋಯಿತು, ಮಂಡಳಿ ರಾಜ್ಯದ ಕೋರ್ಟಿಗೆ. 2024ರ ಜನವರಿ 31ರಂದು ಫೆಡರಲ್ ಕೋರ್ಟು ಡಿಸ್ನಿಯ ದಾವೆ ವಜಾ ಮಾಡಿತು. ಮಾರ್ಚಿನಲ್ಲಿ ರಾಜಿ, ಹಳೇ ಕರಾರು ಅಸಿಂಧು. ಜೂನ್‌ನಲ್ಲಿ ಅದೇ ಡಿಸ್ನಿ, ಅದೇ ಹೊಸ ಮಂಡಳಿ ಕೂತು 15 ವರ್ಷಕ್ಕೆ ಹೊಸ ಕರಾರು ಮಾಡಿಕೊಂಡವು. 1,700 ಕೋಟಿ ಡಾಲರ್ ತನಕ ಬಂಡವಾಳದ ಮಾತು. ಜಮೀನು ವ್ಯಾಜ್ಯದಲ್ಲಿ ತಲೆ ನೆರೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ನನ್ನ ತಕರಾರು ಇಷ್ಟೇ. ಮೊದಲು ಎಕರೆಗೊಂದು ಓಟಿತ್ತು, ಆಮೇಲೆ ಗವರ್ನರದೊಂದೇ ಓಟು. ಎರಡೂ ಸಲ ಆ ರಸ್ತೆಯಲ್ಲಿ ದಿನಾ ಕೆಲಸಕ್ಕೆ ಹೋಗಿಬರೋನಿಗೆ ಓಟೇ ಇರಲಿಲ್ಲ. ಡಿಸ್ನಿ ಸರಿಯೋ ಗವರ್ನರ್ ಸರಿಯೋ ಅಂತ ಇಲ್ಲಿ ಕಮೆಂಟಲ್ಲಿ ಹೊಡೆದಾಡಬೇಡಿ, ಮಾರಾಯರೇ.

ಮೈಸೂರಿನವರಿಗೆ ಈ ವಿಚಾರ ದೂರದ್ದೇನಲ್ಲ. ಊರು ಬೆಳೆಸೋಕೆ ಪ್ರತ್ಯೇಕ ಬೋರ್ಡು ಅನ್ನೋದನ್ನು ನಾವು 1903ರಲ್ಲೇ ನೋಡಿದವರು, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು. ಅದರ ಜಾಗಕ್ಕೆ 1987ರ ಕಾಯ್ದೆಯಿಂದ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಬಂತು. ಅದರ ಬಗ್ಗೆ ನಾನು ಹೇಳೋದು ಬೇಡ, ಟೀವಿಯವರು ಹೇಳಿ ಮುಗಿಸಿದ್ದಾರೆ. ನಾವು ಓಟು ಹಾಕಿ ಕೂರಿಸಿದ ಪಾಲಿಕೆಯ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು, ಚುನಾವಣೆಯಿಲ್ಲದೆ ಆಡಳಿತಾಧಿಕಾರಿ ಕೈಗೆ ಹೋಯಿತು. ನಾನಿರೋದು ರಿಂಗ್ ರಸ್ತೆಯಾಚೆಯ ಖಾಸಗಿ ಬಡಾವಣೆ. ಮ್ಯಾನ್‌ಹೋಲು ಉಕ್ಕಿದಾಗ ಒಂದು ಕಚೇರಿಗೆ ಹೋದರೆ "ಬಡಾವಣೆ ನಮಗೆ ಹಸ್ತಾಂತರ ಆಗಿಲ್ಲ ಸಾರ್" ಅಂದರು. ಇನ್ನೊಂದು ಕಚೇರಿಯಲ್ಲಿ "ನಾವು ಕೊಟ್ಟಾಯ್ತಲ್ಲ ಸಾರ್" ಅಂದರು. ಹನ್ನೊಂದು ದಿನ ಉಕ್ಕಿತು. ಕೊನೆಗೆ ಮನೆಗೆ ಇನ್ನೂರು ರೂಪಾಯಿ ಎತ್ತಿ ನಾವೇ ಗಾಡಿ ತರಿಸಿದೆವು.

ಚಾಮುಂಡಿ ಬೆಟ್ಟದ್ದೂ ಇದೇ ಹಾದಿ. 2024ರಲ್ಲಿ ಸರ್ಕಾರ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ತಂದಿತು, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ದೇವಸ್ಥಾನ ತಮ್ಮ ಖಾಸಗಿ ಸ್ವತ್ತು ಅಂತ ಮೈಸೂರು ರಾಜಮನೆತನದ ಪ್ರಮೋದಾದೇವಿ ಒಡೆಯರ್ ಹೈಕೋರ್ಟಿಗೆ ಹೋದರು. ಜುಲೈನಲ್ಲಿ ಮಧ್ಯಂತರ ಆದೇಶ, ಸೆಪ್ಟೆಂಬರ್ 3ಕ್ಕೆ ಬೆಟ್ಟದ ಮೇಲೆ ಪ್ರಾಧಿಕಾರದ ಮೊದಲ ಸಭೆ. ಸ್ವತ್ತು ಯಾರದು ಅಂತ ಕೋರ್ಟು ಹೇಳಲಿ, ಪತ್ರ ನೋಡದೆ ನಾನು ಬಾಯಿ ಬಿಡೋನಲ್ಲ. ಆದರೆ ಆಗ ಪೇಪರು ಹಿಡಿದು ಕೂತಾಗಲೆಲ್ಲಾ ನನಗೆ ಕಂಡದ್ದು ಎರಡೇ ಹೆಸರು, ಅರಮನೆ ಮತ್ತು ಸರ್ಕಾರ. ಬೆಟ್ಟದ ಮೇಲೆ ಒಂದು ಊರಿದೆ, ಅದಕ್ಕೊಂದು ಗ್ರಾಮ ಪಂಚಾಯ್ತಿಯೂ ಇದೆ. ಅವರ ಮಾತು ಹುಡುಕಿ ಓದಬೇಕಾಗಿತ್ತು.

ಹೋದ ಆಷಾಢದಲ್ಲಿ ಮೆಟ್ಟಿಲು ಹತ್ತಿದೆ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬಗ್ಗಿ ಬಗ್ಗಿ ಹೋಗುತ್ತಿದ್ದರು, ನನ್ನ ಪಂಚೆ ಅಂಚೂ ಹಳದಿ. ಮೇಲೆ ಹಣ್ಣುಕಾಯಿ ಮಾರೋ ಹೆಂಗಸು ಒಬ್ಬರು ಪರಿಚಯ. ನಾನು ಪತ್ರದವನು ಅಂತ ಗೊತ್ತು. ತಕ್ಕಡಿ ಕೆಳಗಿಂದ ಪ್ಲಾಸ್ಟಿಕ್ ಕವರು ತೆಗೆದು "ಅಣ್ಣಾ, ಇದೊಸಿ ಓದಿ ಹೇಳಿ" ಅಂದರು. ಮಡಿಚಿ ಮಡಿಚಿ ನಾಲ್ಕು ತುಂಡಾಗೋ ಹಾಗಿದ್ದ ಹಾಳೆ. ಜಾಗದ ಅಳತೆ, ರುಜು, ಪೂರ್ತಿ ಮಾಸಿದ ಸೀಲು. ಅವಧಿ ಅನ್ನೋ ಕಡೆ ಒಂದೇ ಮಾತು: ತಾತ್ಕಾಲಿಕ.

"ಏನಂತೆ?"

"ಜಾಗ ನಿಮ್ಮ ಹೆಸರಲ್ಲಿದೆ ಕಣಮ್ಮ, ಸದ್ಯಕ್ಕೆ."

"ನಮ್ಮತ್ತೆ ಕಾಲ್ದಿಂದ್ಲೂ ಸದ್ಯಕ್ಕೇ ಅಲ್ವಾ" ಅಂದು ಹಾಳೇನ ಕವರಿಗೆ ಹಾಕಿ, ನನಗೆ ಒಂದು ಜೊತೆ ತೆಂಗಿನಕಾಯಿ ತಟ್ಟಿ ನೋಡಿ ಆರಿಸಿಕೊಟ್ಟರು.